ರಾಗಿ ಮಿಷನ್ ಎದುರು

ಬೆಂಗಳೂರು, ಫೆಬ್ರವರಿ 30, 2219

ಮಹಾತಾಯಿ ಮುನಿತಾಯಮ್ಮನವರಿಗೆ, ಇನ್ನೂ ಹುಟ್ಟದ ಕರಿಬಸಪ್ಪನ ಸಾಷ್ಟಾಂಗ ನಮಸ್ಕಾರ!

ತಾರೀಖು ನೋಡಿ ನಗಬೇಡಿ. ಮೇ ತಿಂಗಳ ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಅದರ ಎರಡು ದಿನ ಕಿತ್ತು ಫೆಬ್ರವರಿಗೆ ಹೊಲಿದರು. ಬಿಸಿಲಿಗೆ ಆ ಸುದ್ದಿ ಮುಟ್ಟಲೇ ಇಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಇನ್ನೂರು ವರ್ಷ ನಡೆದು ಕನ್ನಡವೂ ಕಾಲು ಸವೆಸಿಕೊಂಡಿದೆ. ನಿಮ್ಮನ್ನು ನಾನು ಕಂಡವನಲ್ಲ. ನಿಮ್ಮ ಹೆಸರು ಓದಿದ್ದು ಒಂದು ಸ್ಟೀಲ್ ಡಬ್ಬಿಯ ಮೇಲೆ.

ನಾನು ದಿನದರ್ಶನದ, ಅಂದರೆ ಒಂದೇ ದಿನದಲ್ಲಿ ಹಳೇ ಊರು ಸುತ್ತಿಸುವ ಗಾಡಿಯ ಗೈಡು. ನಮ್ಮ ಜನ ಈಗ ಮೇಲ್ಬೀದಿಗಳಲ್ಲಿ, ಅಂದರೆ ಕಂಬಗಳ ಮೇಲೆ ಎತ್ತಿ ಕಟ್ಟಿದ, ಉದ್ದಕ್ಕೂ ಚಾವಣಿ ಹೊದ್ದ ಬೀದಿಗಳಲ್ಲಿ ಬದುಕುತ್ತಾರೆ. ನಿಮ್ಮ ಬೆಂಗಳೂರು ಕೆಳಗೆ ಹಾಗೇ ಬಿದ್ದಿದೆ. ಬೆಳಿಗ್ಗೆ ಏಳಕ್ಕೆ ಹೊತ್ತುಗಾಡಿ ಹೊರಡುತ್ತದೆ. ಅದು ಬಿಸಿಲಿನಿಂದ ಓಡುವ ಗಾಡಿ, ಮೋಡ ಬಂದರೆ ಎಲ್ಲರೂ ಇಳಿದು ಕಾಯಬೇಕು. ಮೊದಲು ಲಾಲ್‌ಬಾಗಿನ ಬಂಡೆ. ಅದೊಂದು ಮಾತ್ರ ನೀವು ಬಿಟ್ಟಂತೆಯೇ ಇದೆ. ಆಮೇಲೆ ಒಂದು ಬಯಲಿನಲ್ಲಿ ನಿಲ್ಲಿಸಿ, ಇಲ್ಲಿ ಕೆರೆಯಿತ್ತು, ಜನ ದೋಣಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದರು ಎಂದರೆ ಪ್ರಯಾಣಿಕರು ಹೊಟ್ಟೆ ಹಿಡಿದು ನಗುತ್ತಾರೆ, ಹಾಸ್ಯ ಪಾತ್ರದ ಮಾತು ಎಂದುಕೊಂಡು. ನಂತರ ಬಳೇಪೇಟೆ, ಅಕ್ಕಿಪೇಟೆ. ಬಳೆಯೂ ಇಲ್ಲ, ಅಕ್ಕಿಯೂ ಇಲ್ಲ, ಹೆಸರನ್ನು ನಾನು ಕೂಗಬೇಕು.

ಕೂಗುವುದು ನನಗೆ ಅಪ್ಪನಿಂದ ಬಂತು. ನಾಟಕದ ಕಂಪನಿಯಲ್ಲಿ ಅವರದು ರಾಜಪಾರ್ಟು. ನಾನು ಹುಟ್ಟಿದ್ದೇ ಪರದೆಯ ಹಿಂದೆ. ಅವರು ಕಲಿಸಿದ ಪಾಠ ಒಂದೇ: ಮಾತು ಮರೆತರೆ ನಿಲ್ಲಬೇಡ ಮಗನೇ, ಬಾಯಿಗೆ ಬಂದದ್ದನ್ನು ಇನ್ನೂ ಜೋರಾಗಿ ಹೇಳು! ಅಯ್ಯೋ ತಾಯಿ, ಆ ಪಾಠವೇ ನಿಮ್ಮ ಮನೆಗೆ ಅನ್ಯಾಯ ಮಾಡಿತು.

ಹೋದ ವರ್ಷ ಗಾಡಿ ಹತ್ತಿದವರಲ್ಲಿ ಹೊನ್ನೂರಮ್ಮ ಎಂಬ ಎಂಬತ್ತೊಂದು ವರ್ಷದ ಮುದುಕಿ ಇದ್ದರು. ದುರ್ಗದ ಆಚೆ, ಗಾಳಿಕಂಬಗಳ ಊರಿನವರು. ನಿಮ್ಮ ಮರಿಮಗಳ ಮೊಮ್ಮಗಳು. ಮಡಿಲಲ್ಲಿ ನಿಮ್ಮ ಡಬ್ಬಿ. ಅದರ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಅಕ್ಷರ: 'ಮುನಿತಾಯಮ್ಮ, ರಾಗಿ ಮಿಷನ್ ಎದುರು.' ಒಳಗೆ ಒಂದು ಸೇರು ರಾಗಿ. ನಮಗೆ ರಾಗಿ ಸಿಗುವುದು ಹಾಳೆಯಾಗಿ, ಬಿಸಿನೀರಿಗೆ ಹಾಕಿದರೆ ಮುದ್ದೆ. ಕಾಳನ್ನು ನೋಡಲು ಇಡೀ ಗಾಡಿ ಎದ್ದು ನಿಂತಿತು. ಪೇಟೆಯ ಹಿಂದಿನ ಬೀದಿಗೆ ಬಂದಾಗ ಅವರು ನನ್ನ ತೋಳು ಹಿಡಿದು, ಡಬ್ಬಿಯ ಅಕ್ಷರದ ಮೇಲೆ ಬೆರಳಿಟ್ಟರು.

"ಈ ಮನೆ ತೋರಿಸಪ್ಪಾ. ಇದೊಂದಕ್ಕೇ ಬಂದಿರೋದು. ಇನ್ನೊಂದ್ ಸಲ ಬರೋ ಶಕ್ತಿ ಇಲ್ಲ."

ನಮ್ಮ ಕಾಲದಲ್ಲಿ ಮನೆಗೆ ಇರುವುದು ನೆಲೆಗುರುತು, ಹದಿನಾಲ್ಕು ಅಂಕೆಯದು. ಯಾರೂ ಯಾರನ್ನೂ ದಾರಿ ಕೇಳುವುದಿಲ್ಲ. ಏನು ಮಿಷನ್, ಅದರ ಎದುರು ಯಾವ ಮನೆ, ನನಗೆ ಏನೂ ತಿಳಿಯದು. ಗೊತ್ತಿಲ್ಲಮ್ಮ ಎಂದು ಹೇಳಲು ಬಾಯಿ ತೆರೆದೆ. ಹಿಂದಿನ ಸೀಟಿನಿಂದ ಒಬ್ಬ ಕೂಗಿದ: "ಏನ್ ಗೈಡಪ್ಪಾ, ಗಂಟಲು ಕಟ್ತಾ?" ನಲವತ್ತೆರಡು ಜನ ನಕ್ಕರು.

ಮಿಷನ್ ಎಂದರೆ ಯಂತ್ರ, ಯಂತ್ರ ಎಂದರೆ ದೊಡ್ಡದಿರಬೇಕು. ಬೀದಿಯ ಕೊನೆಗೆ ಎರಡಾಳೆತ್ತರದ ತುಕ್ಕು ಹಿಡಿದ ಉಕ್ಕಿನ ಗೂಡಿತ್ತು. ಕೈಯೆತ್ತಿ ಗುಡುಗಿದೆ: "ಇದೋ ತಾಯೀ, ರಾಗಿ ಮಿಷನ್! ಇದೋ ಎದುರಿಗೆ ನಿಮ್ಮ ವಂಶದ ಮನೆ!" ಚಪ್ಪಾಳೆಯೋ ಚಪ್ಪಾಳೆ. ಹೊನ್ನೂರಮ್ಮ ಇಳಿದು ಹೋಗಿ, ಎದುರಿನ ಬೋಳು ಗೋಡೆಗೆ ಕೆನ್ನೆ ಒತ್ತಿದರು. ಡಬ್ಬಿಯನ್ನು ಬುಡದಲ್ಲಿಟ್ಟರು.

"ಅಜ್ಜೀ, ನಿನ್ನ ಡಬ್ಬಿ ತಂದಿದೀನಿ. ತಡ ಆಯ್ತು, ಬೈಬೇಡ."

ನಾನೂ ಕಣ್ಣೊರೆಸಿಕೊಂಡೆ ತಾಯಿ. ನನ್ನ ಸುಳ್ಳು ನನಗೇ ಅಷ್ಟು ಚೆನ್ನಾಗಿ ಹಿಡಿಸಿತ್ತು.

ನಾಲ್ಕು ತಿಂಗಳಾದ ಮೇಲೆ ಗಾಡಿಗೆ ಒಬ್ಬ ಕಲ್ಲುಕುಟಿಗ ಬಂದ. ಊಟದ ಹೊತ್ತಿಗೆ ನಾವು ನಿಲ್ಲುವುದು ಎರಡು ಬೀದಿ ಈಚೆ, ಒಂದು ಮುರಿದ ಅಂಗಡಿಯಲ್ಲಿ. ಅಲ್ಲಿ ಕಬ್ಬಿಣದ ಕಾಲಿನ ಮೇಲೆ ಒಂದು ದುಂಡುಕಲ್ಲು. ಹನ್ನೊಂದು ವರ್ಷದಿಂದ ನಾನು ಅದರ ಮೇಲೆ ಕೂತೇ ಬುತ್ತಿ ಬಿಚ್ಚುವುದು. ಅವನು ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ಏಳಿ ಯಜಮಾನ್ರೇ! ಗೀರು ನೋಡಿ, ಬೀಸೋ ಕಲ್ಲು ಇದು. ಹಿಟ್ಟು ಮಾಡೋ ಮಿಷನ್ ಮೇಲೆ ಕೂತ್ಕೊಂಡು ಮುದ್ದೆ ನುಂಗ್ತಿದೀರಲ್ಲ!"

ಎದ್ದೆ. ಎದುರಿಗೆ ನೋಡಿದೆ. ಗೋಡೆಯಿಲ್ಲ, ಸೂರಿಲ್ಲ, ನಡುವೆ ಸವೆದ ಒಂದು ಹೊಸ್ತಿಲು ಮಾತ್ರ ಇತ್ತು. ದಿನವೂ ಅದರ ಮೇಲೆ ನನ್ನ ಚಪ್ಪಲಿ ಬಿಡುತ್ತಿದ್ದೆ.

ಅಂದೇ ಹೊನ್ನೂರಮ್ಮನವರಿಗೆ ಬರೆದೆ: ತಪ್ಪಾಯಿತು, ನಾನೇ ಬಂದು ಕರೆದುಕೊಂಡು ಬರುತ್ತೇನೆ. ಉತ್ತರ ಅವರ ಮೊಮ್ಮಗಳಿಂದ ಬಂತು. 'ಅಜ್ಜಿ ತೀರಿಕೊಂಡು ಇಪ್ಪತ್ತು ದಿನ. ಕೊನೆಯವರೆಗೂ ಆ ಗೋಡೆಯ ಮಾತೇ ಆಡುತ್ತಿದ್ದರು. ಗೈಡಪ್ಪನಿಗೆ ಒಳ್ಳೇದಾಗಲಿ ಅಂದರು.' ಆ ಹಾರೈಕೆ ಹೊತ್ತು ನಾನು ಎಲ್ಲಿಗೆ ಹೋಗಲಿ ತಾಯಿ?

ಓಡಿದೆ. ಡಬ್ಬಿ ಆ ಗೋಡೆಯ ಬುಡದಲ್ಲೇ ಇತ್ತು. ಎದೆಗವಚಿಕೊಂಡು ತಂದು ನಿಮ್ಮ ಹೊಸ್ತಿಲ ಮೇಲಿಟ್ಟೆ. ಅವರ ಮಾತನ್ನು ಅವರ ಪರವಾಗಿ ಹೇಳಬೇಕೆಂದು ಬಾಯಿ ತೆರೆದೆ. ಮೈಕಿಲ್ಲದೆ ಬಯಲು ತುಂಬುವ ಗಂಟಲು ಇದು. ಅಂದು ಒಂದು ಅಕ್ಷರ ಹೊರಡಲಿಲ್ಲ. ಈಗ ತಿಳಿಯದ್ದನ್ನು ಯಾರು ಕೇಳಿದರೂ ಗೊತ್ತಿಲ್ಲ ಎನ್ನುತ್ತೇನೆ. ಜನ ನಗುತ್ತಾರೆ. ನಗಲಿ.

ನಿಮ್ಮಲ್ಲಿ ಒಂದು ಬೇಡಿಕೆ. ಇನ್ನೊಮ್ಮೆ ಪಾತ್ರೆ ಅಂಗಡಿಗೆ ಹೋದಾಗ, ಆ ಡಬ್ಬಿಯ ಮೇಲೆ ಇನ್ನೊಂದು ಸಾಲು ಹಾಕಿಸಿ: ಲಾಲ್‌ಬಾಗಿನ ಬಂಡೆಯಿಂದ ನಿಮ್ಮ ಬಾಗಿಲಿಗೆ ಎಷ್ಟು ಹೆಜ್ಜೆ, ಯಾವ ದಿಕ್ಕಿಗೆ. ಮಿಷನ್ ಹೋಗುತ್ತದೆ, ಬಂಡೆ ಇರುತ್ತದೆ. ಹಾಕಿಸಲು ಆಗದಿದ್ದರೂ ಇಷ್ಟು ತಿಳಿದಿರಲಿ. ನಿಮ್ಮ ಮನೆಗೆ ನಿಮ್ಮ ಹುಡುಗಿ ಬಂದಿದ್ದಳು, ಡಬ್ಬಿ ತುಂಬಿಕೊಂಡು. ಬೈಯುವುದಾದರೆ ನನ್ನನ್ನು ಬೈಯಿರಿ. ಅವಳು ತಡ ಮಾಡಿರಲಿಲ್ಲ.