ಬಲ ಹೊಟ್ಟೆಯ ಅತಿಥಿಗೆ, ಸಾರ್ಮಾ ಸಮೇತ

ಚಾಚಕ್
ಜನವರಿ 21

ಶ್ರೀಮದ್ ರಕ್ತಶೋಧಕ ಸಾರ್ವಭೌಮ, ಲವಣಾಸುರಮರ್ದನ, ನನ್ನಪ್ಪ ಗ್ವೋಜ್ಡೆನ್‌ನ ಬಲ ಹೊಟ್ಟೆಯಲ್ಲಿ ವಿರಾಜಮಾನನಾದ, ಕಳೆದ ಬೇಸಗೆಯವರೆಗೂ ನನ್ನದೇ ಎಡಬೆನ್ನಿನ ನಿವಾಸಿಯಾಗಿದ್ದ ಮೂತ್ರಪಿಂಡರಾಯನ ಸನ್ನಿಧಿಗೆ, ಮಾಜಿ ಒಡತಿ ನೆವೆನಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಹೊಲಿಗೆ ಮಾಗಿರುವುದರಿಂದ ಸಾಷ್ಟಾಂಗ ಈಗ ಸಾಧ್ಯ.

ಇಲ್ಲಿ ನಾನೂ ನನ್ನಲ್ಲೇ ಉಳಿದ ನಿನ್ನ ಜೋಡಿಯೂ ಕ್ಷೇಮ. ನಿನಗೆ ಕಣ್ಣಿಲ್ಲದ ಕಾರಣ ಈ ಪತ್ರವನ್ನು ಅಪ್ಪನೇ ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಕೆಮ್ಮಿದಂತೆ ಮಾಡಿ ಸಾಲು ಹಾರಿಸುವಂತಿಲ್ಲ.

ನನಗೆ ಸಾಕಾಗಿಹೋಗಿದೆ. ಈ ಮನುಷ್ಯ ತನ್ನ ಸ್ವಂತ ಪಿಂಡಗಳಿಗೆ ಉಪ್ಪಿನಕಾಯಿ ಹಾಕಿದವನು. ಡಯಾಲಿಸಿಸ್‌ಗೆ ಹೋಗುವಾಗಲೂ ಕೋಟಿನ ಜೇಬಿನಲ್ಲಿ ಉಪ್ಪುನೀರಿನ ಮೆಣಸಿನಕಾಯಿ ಇಟ್ಟುಕೊಂಡು ಹೋದವನು. ನೀನು ಬಂದೆ ನೋಡು, ಸಂತನಾಗಿಬಿಟ್ಟ. ಬೇಯಿಸಿದ ಕೋಳಿ, ಬೇಯಿಸಿದ ಕ್ಯಾರೆಟ್, ಮತ್ತೆ ಬೇಯಿಸಿದ ಕೋಳಿ. ಸೇಬನ್ನೂ ಬೇಯಿಸುತ್ತಾನೆ. ಬ್ರೆಡ್ಡನ್ನು ಪೊಲೀಸಿನವನಂತೆ ತಿರುಗಿಸಿ ತಿರುಗಿಸಿ ನೋಡುತ್ತಾನೆ. ಹೋದ ತಿಂಗಳು ಅವನ ಬೆಲ್ಟಿಗೆ ಬಿದ್ದ ಹೊಸ ತೂತು ಕಂಡು ವೈದ್ಯೆ ಅಂದದ್ದನ್ನು ನೀನೂ ಕೇಳಿಸಿಕೊಂಡಿರಬೇಕು:

"ಕಿಡ್ನಿ ಚೆನ್ನಾಗಿದೆ ಕಣ್ರೀ, ಅದರ ಸುತ್ತ ಇರೋ ಮನುಷ್ಯನೇ ಕರಗಿಹೋಗ್ತಿದ್ದಾನೆ. ಹಸಿ ಮಾಂಸ, ಹಸಿ ಹಾಲಿನ ಚೀಸು, ಚಕ್ಕೋತ ಬೇಡ, ಉಪ್ಪು ಕಮ್ಮಿ ಅಂದೆ. ಊಟನೇ ಬೇಡ ಅಂದ್ನಾ? ಹೀಗೇ ಇಳೀತಾ ಹೋದ್ರೆ ಮತ್ತೆ ಇಲ್ಲೇ ಮಲಗಿಸ್ಕೋತೀನಿ, ನೋಡಿ."

ನಿನ್ನೆ ಸಂತ ಯೋವಾನನ ದಿನ, ನಮ್ಮ ಮನೆತನದ ಸ್ಲಾವಾ ಹಬ್ಬ. ಅವತ್ತು ಮನೆಯ ಯಜಮಾನ ಕೂರಬಾರದು, ನಿಂತೇ ಬಡಿಸಬೇಕು. ಇಡೀ ಸೆರ್ಬಿಯಾದಲ್ಲಿ ಈ ನಿಯಮವನ್ನು ಅಪ್ಪನಷ್ಟು ಸಂತೋಷದಿಂದ ಪಾಲಿಸಿದವರು ಬೇರೆ ಯಾರೂ ಇರಲಾರರು. ದಿನವಿಡೀ ನಿಂತ, ಒಂದು ತುತ್ತೂ ತಿನ್ನಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಅವನ ಅಕ್ಕ, ನಮ್ಮ ರಾದೊಯ್ಕಾ ಅತ್ತೆ, "ನೋಡ್ರೋ, ಯಜಮಾನ ಅಂದ್ರೆ ಹೀಗಿರ್ಬೇಕು!" ಎಂದು ಗ್ಲಾಸು ಬೇರೆ ಎತ್ತಿದಳು. ನಾನು ಅವನನ್ನು ಅಡುಗೆಮನೆಗೆ ಎಳೆದೊಯ್ದು, ಹುಳಿ ಎಲೆಕೋಸಿನಲ್ಲಿ ಮಾಂಸ ಸುತ್ತಿದ ಒಂದು ಸಾರ್ಮಾವನ್ನು ಬಾಯಿಗೆ ಹಿಡಿದೆ.

"ನಿನ್ನೆ ಮಾಡಿದ್ದಲ್ವಾ ಇದು? ತಿರುಗಿ ಬಿಸಿ ಮಾಡಿದ್ದು," ಎಂದ.

"ಅಪ್ಪಾ, ಸಾರ್ಮಾ ಮೂರನೇ ದಿನ ಬಿಸಿ ಮಾಡಿದ್ರೇನೇ ರುಚಿ ಅಂತ ಹೇಳ್ಕೊಟ್ಟೋನು ನೀನೇ ತಾನೆ?"

"ಆ ಗ್ವೋಜ್ಡೆನ್ ಬೇರೆ. ಅವನ ಕಿಡ್ನಿ ಅವನದೇ ಆಗಿತ್ತು. ಇದು ನಿನ್ನ ಸಾಮಾನು ಮಗಾ. ಮನೆಗೆ ಬಂದ ಅತಿಥಿಗೆ ತಂಗಳು ಬಡಿಸ್ತಾರಾ?"

"ಯಜಮಾನನೇ ಉಪವಾಸ ಬಿದ್ದು ಸತ್ರೆ ಅತಿಥಿ ಎಲ್ಲಿಗೆ ಹೋಗ್ಬೇಕು?"

ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಜಾರುವ ಪ್ಯಾಂಟು ಹಿಡಿದು ಅತಿಥಿಗಳತ್ತ ನಡೆದ.

ಆದ್ದರಿಂದ ರಾಯರಲ್ಲಿ ಬಿನ್ನಹ. ನಿನ್ನನ್ನು ನಾನು ಕಳಿಸಿದ್ದು ಗಾಜಿನ ಬೀರುವಿನಲ್ಲಿ ಪೂಜೆಗೆ ಇಡಲು ಅಲ್ಲ. ನನ್ನೆದುರು ಕೂತು, ಬಾಯಿ ಚಪ್ಪರಿಸಿ, "ಉಪ್ಪು ಸಾಲದು ಕಣೇ" ಎಂದು ಬೈಯುತ್ತ ಉಣ್ಣುವ ಅಪ್ಪ ನನಗೆ ಬೇಕಿತ್ತು. ಈ ಪತ್ರದ ಜೊತೆ ಅತ್ತೆಯ ಕೈಯಲ್ಲಿ ಒಂದು ಪಾತ್ರೆ ಬರುತ್ತಿದೆ. ಹಬ್ಬದ್ದೇ ಸಾರ್ಮಾ, ಉಳಿದದ್ದನ್ನು ನಾನು ಮನೆಗೆ ತಂದಿದ್ದೆನಲ್ಲ, ಅದು. ಇವತ್ತಿಗೆ ಸರಿಯಾಗಿ ಮೂರನೆಯ ದಿನ. ಇದೇ ಪರೀಕ್ಷೆ. ಅವನು ಮೂಗು ಮುರಿದರೆ ಒಳಗಿನಿಂದ ಒಮ್ಮೆ ಒದೆ. ತಟ್ಟೆಗೆ ಹೆದರಿ ಬದುಕುವುದೂ ಒಂದು ಬದುಕೇ ಎಂದು ಮಾಜಿ ಒಡತಿ ಕೇಳಿದ್ದಾಳೆಂದು ಡಂಗುರ ಸಾರು.

ಒಂದನ್ನೇ ಇಟ್ಟುಕೊಂಡು ಎರಡರ ಮೇಲೂ ಅಧಿಕಾರ ಚಲಾಯಿಸುವ,
ನೆವೆನಾ

ಮರೆತ ಮಾತು: ಇಲ್ಲಿಂದ ಮುಂದಕ್ಕೆ ಓದುವವನು ಕಣ್ಣು ಮುಚ್ಚಿಕೊಳ್ಳತಕ್ಕದ್ದು. ಹಬ್ಬದ ಸಾರ್ಮಾವನ್ನು ನಾನೂ ಅತ್ತೆಯೂ ನಿನ್ನೆಯೇ ಮುಗಿಸಿದೆವು. ಪಾತ್ರೆಯಲ್ಲಿರುವುದು ಇವತ್ತು ಬೆಳಿಗ್ಗೆ ಮಾಡಿದ್ದು. ಪಾತ್ರೆಯನ್ನೂ ಕುದಿಸಿದ್ದೇನೆ. ಎಲೆಕೋಸನ್ನು ಹುಳಿಯೆಲ್ಲ ಬಿಟ್ಟುಹೋಗುವವರೆಗೆ ತೊಳೆದಿದ್ದೇನೆ. ಚಿಟಿಕೆ ಉಪ್ಪು ಹಾಕೋಣವೆಂದು ಡಬ್ಬಿ ತೆರೆದೆ. ಕೈ ಬರಲಿಲ್ಲ.