ಎಲ್ರೂ ಕಟ್ಟಿದ ಹಸಿರು ಪಟ್ಟಿ

ಜೂನ್ 3, ಬೆಳಗ್ಗೆ

ಹಾಲು ಕಾಯೋಕಿಟ್ಟು ಬರೀತಿದೀನಿ. ನಮ್ಮ ಪರದೆ ಅಂಗಡೀಲಿ ಉಳಿದಿದ್ದ ಹಸಿರು ಬಟ್ಟೆ ಪಟ್ಟಿ ಪಟ್ಟಿ ಕತ್ತರಿಸಿ ತಂದೆ. ‘ಕರೆಂಟ್ ಉಳಿಸ್ತೀವಿ, ಲಿಫ್ಟ್ ಹತ್ತಲ್ಲ’ ಅಂತ ಒಪ್ಪಿದವರು ಬಾಗಿಲ ಹಿಡಿಗೆ ಒಂದು ಕಟ್ಟಬೇಕು. ಬಲವಂತ ಇಲ್ಲ. ನಿನ್ನೆ ಇಡೀ ಬಿಲ್ಡಿಂಗಲ್ಲಿ ಕಟ್ಟಿದ್ದು ನಾನೊಬ್ಬಳೇ! ಇವರು ಬೇರೆ, “ನಿಂಗೆ ಮಾಡೋಕೆ ಕೆಲಸ ಇಲ್ವಾ” ಅಂತ ನಕ್ಕರು. ನಗಲಿ, ನಗಲಿ.

ಜೂನ್ 4

ಅಂಗಡೀಲಿ ಗಿರಾಕಿಗಳಿಗೆ ಹೇಳೋ ಮಾತನ್ನೇ ಇಲ್ಲೂ ಹೇಳಿದೆ — “ಎಲ್ರೂ ತಗೊಂಡ್ರು, ನೀವೊಬ್ರೇ ಬಾಕಿ.” ಕೆಳಗಿನವರಿಗೆ ಮೇಲಿನವರು ಕಟ್ಟಿದಾರೆ ಅಂದೆ, ಮೇಲಿನವರಿಗೆ ಕೆಳಗಿನವರು. ಮೂರನೇ ಮಹಡಿ ಟೀಚರ್ ನನ್ನ ಕೈಯಿಂದ ಕಿತ್ಕೊಂಡೇ ಕಟ್ಟಿದ್ರು. ಸಂಜೆಗೆ ಒಂದು ಬಾಗಿಲೂ ಬಿಟ್ಟಿಲ್ಲ. ಸುಳ್ಳು ನಿಜ ಆಯ್ತು, ಇನ್ನೇನು ಬೇಕು?

ಜೂನ್ 9

ಮಾವನೂ ಲಿಫ್ಟ್ ಬಿಟ್ರು. ನಮ್ಮದು ಐದನೇ ಮಹಡಿ, ಅವರಿಗೆ ಮಂಡಿ ನೋವು. ಬೇಡ ಅಂದೆ. “ಎಲ್ರೂ ನಡೀತಿದಾರೆ. ಶುರು ಮಾಡಿದ ಮನೆಯವನೇ ಲಿಫ್ಟಲ್ಲಿ ಹೋದ್ರೆ ನಿನ್ನ ಮರ್ಯಾದೆ ಏನಾಗುತ್ತಮ್ಮಾ?” ಅಂದ್ರು. ಹೆಮ್ಮೆ ಆಯ್ತು ನಂಗೆ.

ಜೂನ್ 20

ಕೆಳಗಿನ ವಾಚ್ ರಿಪೇರಿಯವರು ತಡೆದು ಕೇಳಿದ್ರು — “ನಿಮ್ಮ ಮಾವ ಹುಷಾರಾಗಿದಾರಾ? ಕೇರಂ ಆಡೋಕೆ ಬರೋದೇ ಬಿಟ್ರಲ್ಲ.”

ನಾನು ದಿನವಿಡೀ ಅಂಗಡೀಲಿ, ಗಮನಿಸಿಯೇ ಇಲ್ಲ. ಮಾವ ಲಿಫ್ಟ್ ಹತ್ತಿಲ್ಲ, ನಿಜ. ಮನೆ ಬಿಟ್ಟು ಇಳಿದೇ ಇಲ್ಲ! ಕೇಳಿದ್ರೆ “ಕೆಳಗೇನಿದೆ ಬಿಡಮ್ಮಾ” ಅಂತಾರೆ. ಕೇರಂ ಸ್ಟ್ರೈಕರ್ ಮಾತ್ರ ಅಂಗಿ ಜೇಬಲ್ಲೇ ಇದೆ. ಅಳು ಬಂತು. ನನ್ನ ಮೇಲೇ ಸಿಟ್ಟೂ ಬಂತು.

ಜೂನ್ 21, ಭಾನುವಾರ ಸಂಜೆ

“ನಡೀರಿ ಮಾವ, ಲಿಫ್ಟಲ್ಲಿ.”

“ಎಲ್ರೂ ಮನೇಲಿದಾರೆ ಕಣಮ್ಮಾ, ನೋಡ್ತಾರೆ.”

“ನೋಡ್ಲಿ! ಹಿಡಿಸದ ಪರದೆ ವಾಪಸ್ ತಗೊಳ್ಳೋಳು ನಾನು. ಮಾತು ವಾಪಸ್ ತಗೊಳ್ಳೋಕೆ ಏನು ದಾಡಿ?”

ಕೈ ಹಿಡಿದು ಕರ್ಕೊಂಡು ಹೋದೆ. ಪಾಪ, ಕಳ್ಳನ ಹಾಗೆ ಮೂಲೇಲಿ ನಿಂತ್ರು. ಮೂರನೇ ಮಹಡೀಲಿ ಲಿಫ್ಟ್ ನಿಂತಿತು. ಬಾಗಿಲು ತೆರೆದ್ರೆ — ಟೀಚರ್! ಹಿಂದೆ ಯಾರಾದ್ರೂ ಇದಾರಾ ಅಂತ ನೋಡ್ತಾ, ಒಂದು ಕಾಲು ಆಗಲೇ ಒಳಗೆ. ನಮ್ಮನ್ನ ಕಂಡು ಕೆಂಪಾದ್ರು.

“ಇವತ್ತೊಂದಿನ...” ಅಂದ್ರು.

ಮಾವ ಜಾಗ ಬಿಟ್ಟು “ಬನ್ನಿ ಬನ್ನಿ” ಅಂದ್ರು. ಬಾಗಿಲು ಮುಚ್ಚಿತು. ಮಾವ ನನ್ನ ಕಿವಿ ಹತ್ರ ಬಗ್ಗಿದ್ರು — “ಅಯ್ಯೋ, ಇವರಿಗೆ ಹೆದರಿ ಮನೇಲಿ ಕೂತಿದ್ನಾ ನಾನು!”

ಎರಡನೇ ಮಹಡಿ. ಲಿಫ್ಟ್ ಮತ್ತೆ ನಿಂತಿತು. ಬಾಗಿಲು ತೆರೀತಿದ್ದ ಹಾಗೇ ಅಲ್ಲಿ ಒಂದಿಡೀ ಮನೆಯವರು ಲಿಫ್ಟಿಗೆ ಕಾಯ್ತಾ ನಿಂತಿದಾರೆ, ಅವರ ಬಾಗಿಲ ಹಿಡೀಲಿ ನನ್ನ ಹಸಿರು ಪಟ್ಟಿ ಹಾಗೇ ಇದೆ!