ಪೈಲ್ವಾನನ ಕಾಲು

ಕುಂಬಾರಕೊಪ್ಪಲು, ಮೈಸೂರು
15-11-2024, ಶುಕ್ರವಾರ

ಮುದ್ದಿನ ಮೊಮ್ಮಗಳು ಸಿಂಚನಾ,

ನಿನ್ನ ಕೆಮ್ಮು ಹೇಗಿದೆ? ದಿಲ್ಲಿಯಲ್ಲಿ ಹೊಗೆಯೋ ಮಂಜೋ ಗೊತ್ತಾಗುವುದಿಲ್ಲ ಎಂದು ಟೀವಿಯಲ್ಲಿ ತೋರಿಸುತ್ತಲೇ ಇರುತ್ತಾರೆ. ಊಟ ಬಿಟ್ಟು ಡ್ಯೂಟಿ ಮಾಡಬೇಡ. ಡಾಕ್ಟರಿಗೇ ಬುದ್ಧಿ ಹೇಳುವ ಮುದುಕಿ ಎಂದು ನಗಬೇಡ, ಆ ಕೆಲಸ ನನಗೀಗ ಅಭ್ಯಾಸವಾಗಿದೆ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ತಮ್ಮ ಸ್ವರೂಪನ ಗಾಲಿಕುರ್ಚಿಗೆ ಹೊಸ ಬ್ಯಾಟರಿ ಬಂದಿದೆ. ಅವನು ಬೀದಿಯಲ್ಲಿ ಹೋಗುವ ಸ್ಪೀಡಿಗೆ ನಾನು ಹಿಂದೆ ಓಡಬೇಕು.

ನೀನು ಫೋನಿನಲ್ಲಿ ಅಮ್ಮನಿಗೆ ಹೇಳಿದ್ದೆಲ್ಲ ನನ್ನ ಕಿವಿಗೂ ಬಿತ್ತು. ಈ ನರ-ಸ್ನಾಯು ಕಾಯಿಲೆಯ ಓದನ್ನು ಅರ್ಧಕ್ಕೆ ಬಿಟ್ಟು ಬರುತ್ತೀಯಂತೆ, ಯಾದವಗಿರಿಯ ಯಾವುದೋ ನರ್ಸಿಂಗ್ ಹೋಮಿನಲ್ಲಿ ಕೆಲಸವಂತೆ. "ವಾಸಿ ಮಾಡಕ್ಕೇ ಆಗ್ದಿರೋ ಕಾಯಿಲೆ ಕಲ್ತು ಏನಮ್ಮಾ ಮಾಡ್ಲಿ" ಎಂದು ಬಿಕ್ಕಿದೆ. ನೀನು ಬಂದರೆ ನನಗಿಂತ ಸಂತೋಷಪಡುವವರು ಯಾರೇ? ಸಂಜೆಗೆಲ್ಲ ಮನೆಯಲ್ಲಿರುತ್ತೀಯ, ಬಿಸಿ ಮುದ್ದೆ, ಬಸ್ಸಾರು ಬಡಿಸಬಹುದು. ಆದರೂ ಬರಬೇಡ. ಫೋನಿನಲ್ಲಾದರೆ ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಪ್ರತಿ ಗುರುವಾರ ಆಸ್ಪತ್ರೆಯಲ್ಲಿ ಡಾಕ್ಟರ್ ಅಲಮೇಲು ಡಾಕ್ಟರಿಕೆ ಕಲಿಯುವ ಮಕ್ಕಳಿಗೆ ಈ ಕಾಯಿಲೆಯ ಪಾಠ ಮಾಡುತ್ತಾರಲ್ಲ, ನಾನೂ ಸ್ವರೂಪನೂ ತಪ್ಪದೆ ಹೋಗುತ್ತೇವೆ. "ನಾನು ಪುಸ್ತಕ, ಅಜ್ಜಿ ತಪ್ಪೊಪ್ಪುಗಳ ಪಟ್ಟಿ" ಎಂದು ಅವನ ತಮಾಷೆ. ನಿನ್ನೆ ಕೆಸರೆಯ ಒಬ್ಬ ತಾಯಿ ನಾಲ್ಕೂವರೆ ವರ್ಷದ ವಿಶ್ರುತ್ ಎಂಬ ಮಗನನ್ನು ಕರೆತಂದಿದ್ದಳು. ಪದೇ ಪದೇ ಬೀಳುತ್ತಾನಂತೆ. ಕಲಿಯುವ ಡಾಕ್ಟರಮ್ಮ ಒಬ್ಬಳು "ಮಗೂಗೆ ವೀಕ್‌ನೆಸ್ ಇದ್ಯಾ?" ಎಂದು ಕೇಳಿದಳು. "ಏನೂ ಇಲ್ಲ ಮೇಡಂ, ಚೆನ್ನಾಗ್ ತಿಂತಾನೆ. ಕಾಲ್ ನೋಡಿ, ಪೈಲ್ವಾನ್ ಇದ್ದಂಗವೆ" ಎಂದಳು ತಾಯಿ. ಡಾಕ್ಟರಮ್ಮ ವೀಕ್‌ನೆಸ್ ಇಲ್ಲ ಎಂದು ಬರೆದೇಬಿಟ್ಟಳು!

ನಮ್ಮ ಕಡೆ ವೀಕ್‌ನೆಸ್ ಎಂದರೆ ಸುಸ್ತು, ತಲೆಸುತ್ತು, ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡರೆ ಹೋಗುವಂಥದ್ದು. ಸ್ನಾಯು ಸೋಲುವುದಕ್ಕೆ ಯಾವ ತಾಯಿ ಆ ಹೆಸರು ಇಟ್ಟಾಳು? ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೇಳು ವರ್ಷದ ಹಿಂದೆ ಅದೇ ಪ್ರಶ್ನೆಗೆ ಅದೇ ಉತ್ತರ ಕೊಟ್ಟವಳು ನಾನು. ಸ್ವರೂಪನ ಮೀನಖಂಡ ಗಟ್ಟಿಯಾಗಿ ಉಬ್ಬಿದ್ದನ್ನು ನೋಡಿ, ನಿಮ್ಮ ತಾತ ದಸರಾ ಕುಸ್ತಿಗೆ ಇಳಿಯುತ್ತಿದ್ದವರಲ್ಲವೇ, ಅವರ ಕಾಲೇ ಬಂದಿದೆ ಎಂದು ಬೀಗಿದೆ. ಎಣ್ಣೆ ತಿಕ್ಕಿದೆ, ಗರಡಿ ಮಣ್ಣು ಹಚ್ಚಿದೆ. ಆ ಉಬ್ಬು ಬಲವಲ್ಲ, ಕಾಯಿಲೆಯದೇ ಗುರುತು ಎಂದು ಯಾರಿಗೆ ಗೊತ್ತಿತ್ತು? ಅದರಲ್ಲೇ ಎರಡು ವರ್ಷ ಹೋಯಿತು.

ನಿನ್ನೆ ಎದ್ದು ನಿಂತು ಗದರಿಯೇಬಿಟ್ಟೆ. "ಮಗೂನ ಕುರ್ಚಿಯಿಂದ ಇಳ್ಸು ಕಣಮ್ಮ, ನೆಲದ್ ಮೇಲೆ ಕೂರ್ಸು. ಎಂಗ್ ಏಳ್ತಾನೆ ನೋಡು." ಮಗು ಎರಡು ಕೈ ನೆಲಕ್ಕೆ ಊರಿತು, ಹಿಂಭಾಗ ಎತ್ತಿತು, ಆಮೇಲೆ ಮಂಡಿ ಹಿಡಿದು, ತೊಡೆ ಹಿಡಿದು, ತನ್ನ ಮೈಯನ್ನೇ ತಾನು ಏಣಿಯಂತೆ ಹತ್ತಿಕೊಂಡು ಎದ್ದು ನಿಂತು ನಕ್ಕಿತು. ಸೊಂಟ, ತೊಡೆಯ ಸ್ನಾಯು ಸೋತ ಮಕ್ಕಳು ಏಳುವುದೇ ಹಾಗೆ. ಆ ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ, ಹಾಳೆಯ ಮೇಲ್ತುದಿಯಲ್ಲಿ ಕನ್ನಡದಲ್ಲೇ "ನೆಲದಿಂದ ಹೇಗೆ ಏಳುತ್ತಾನೆ?" ಎಂದು ಬರೆದುಕೊಂಡಳು. ನಿನ್ನೆಯೇ ಮಗುವಿನ ರಕ್ತ ಪರೀಕ್ಷೆಗೆ ಹೋಯಿತು.

ವಿಶ್ರುತನಿಗೂ ಪೂರಾ ವಾಸಿಯಾಗದಿರಬಹುದು, ನನಗೂ ಗೊತ್ತು. ಆದರೆ ಔಷಧಿ ಬೇಗ ಶುರುವಾದರೆ ಇನ್ನಷ್ಟು ವರ್ಷ ತನ್ನ ಕಾಲಲ್ಲೇ ಶಾಲೆಗೆ ನಡೆಯುತ್ತಾನಂತೆ. ನಮ್ಮ ಮನೆಯಲ್ಲಿ ಕಳೆದುಹೋದದ್ದು ಆ ಮನೆಯಲ್ಲಿ ಉಳಿಯಿತಲ್ಲ, ಅದು ಏನೂ ಅಲ್ಲವೇ? ಅಲಮೇಲು ಅವರಿಗೆ ಬರುವ ವರ್ಷ ನಿವೃತ್ತಿ. ನನಗೆ ಎಪ್ಪತ್ತಾರು. ಮುಂದೆ ಬರುವ ಡಾಕ್ಟರುಗಳಿಗೆ ಮಗುವನ್ನು ನೆಲಕ್ಕೆ ಕೂರಿಸಿ ಎಂದು ಹೇಳಿಕೊಡುವವರು ಯಾರು?

ವೇಳೆಗೆ ಸರಿಯಾಗಿ ಉಣ್ಣು, ಕಿವಿಗೆ ಬಟ್ಟೆ ಕಟ್ಟಿಕೋ. ತಾಯಿ ಚಾಮುಂಡಿ ನಿನ್ನ ಬೆನ್ನಿಗಿರಲಿ. ಸ್ವರೂಪ ಅಕ್ಕನಿಗೆ ನಮಸ್ಕಾರ ಹೇಳು ಎಂದು ಕೂಗುತ್ತಿದ್ದಾನೆ.

ನಿನ್ನ ಅಜ್ಜಿ,
ಚಾಮುಂಡಮ್ಮ

ಮರೆತೆ: ಲಕೋಟೆ ಅಂಟಿಸುವ ಮುಂಚೆ ಇದೊಂದು ಬರೆಯಲೇಬೇಕು. ಆಗ ನಿನಗೆ ಹನ್ನೊಂದು ವರ್ಷ. ನಡುಮನೆಯಲ್ಲಿ ಸ್ವರೂಪ ಆಡುತ್ತಿದ್ದಾಗ "ಅಜ್ಜಿ, ಇವ್ನು ತೊಡೆ ಹಿಡ್ಕೊಂಡು ಏಳ್ತಾನೆ ನೋಡು" ಎಂದೆ. ತಮ್ಮನಿಗೇ ದೃಷ್ಟಿ ಹಾಕ್ತೀಯಾ ಎಂದು ನಿನ್ನ ಬಾಯಿಗೆ ಹೊಡೆದು, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದೆ. ನೀನು ಮತ್ತೆ ಆ ಮಾತು ಎತ್ತಲಿಲ್ಲ. ಎಲ್ಲ ಡಾಕ್ಟರಿಗಿಂತ ಎರಡು ವರ್ಷ ಮೊದಲೇ ಕಂಡವಳು ನೀನು ಕಣೆ. ನಿನ್ನೆ ಇದನ್ನು ಆ ಕಲಿಯುವ ಡಾಕ್ಟರುಗಳೆಲ್ಲರ ಎದುರು ಹೇಳಿದೆ. ನನ್ನದು ತಪ್ಪಾಯಿತು. ಓದು ಮುಗಿಸಿಯೇ ಬಾ.